ಕೋಟಿ ಕಿಲೋಮೀಟರಿಗೆ ಒಂದು ಮೀಟರ್: ಮೈದಾನದಲ್ಲಿ ಸೌರಮಂಡಲ ಕಟ್ಟುವ ಬಗೆ

ಸೌರಮಂಡಲದ ಚಿತ್ರಗಳಲ್ಲಿ ಗ್ರಹಗಳು ಸರದ ಮಣಿಗಳ ಹಾಗೆ ಒತ್ತೊತ್ತಾಗಿ ಕೂತಿರುತ್ತವೆ. ಒಂದು ಪುಟದಲ್ಲಿ ಹಿಡಿಸಬೇಕಲ್ಲ, ಹಾಗಾಗಿ ಗಾತ್ರಕ್ಕೆ ಒಂದು ಅಳತೆ, ದೂರಕ್ಕೆ ಇನ್ನೊಂದು ಅಳತೆ ಬಳಸಿರುತ್ತಾರೆ. ಎರಡಕ್ಕೂ ಒಂದೇ ಅಳತೆ ಇಟ್ಟು ಕಟ್ಟಿದರೆ ಸಿಗುವುದು ಹೆಚ್ಚುಕಮ್ಮಿ ಬರೀ ಖಾಲಿ ಜಾಗ. ಅದನ್ನು ಕಣ್ಣಾರೆ ನೋಡಲು 450 ಮೀಟರ್ ನೇರ ದಾರಿ, ಒಂದು ಚೆಂಡು, ಒಂದು ಗೋಲಿ, ಅಡುಗೆಮನೆಯ ನಾಲ್ಕು ಬಗೆಯ ಕಾಳು ಸಾಕು.

ಅಳತೆ ಇದು: 1 ಕೋಟಿ ಕಿ.ಮೀ.ಗೆ 1 ಮೀಟರ್. ಆಗ 1 ಲಕ್ಷ ಕಿ.ಮೀ. ಎಂದರೆ 1 ಸೆಂ.ಮೀ., 10 ಸಾವಿರ ಕಿ.ಮೀ. ಎಂದರೆ 1 ಮಿ.ಮೀ. ಲಕ್ಷ, ಕೋಟಿಗಳಲ್ಲಿ ಎಣಿಸುವವರಿಗೆ ಇದಕ್ಕಿಂತ ಸಲೀಸಾದದ್ದು ಇನ್ನೊಂದಿಲ್ಲ. ದೂರದ ಅಂಕಿಯಲ್ಲಿ ‘ಕೋಟಿ ಕಿ.ಮೀ.’ ಅಳಿಸಿ ‘ಮೀಟರ್’ ಬರೆದರೆ ಲೆಕ್ಕ ಮುಗಿಯಿತು.

ಮೊದಲು ಕಾಯಗಳನ್ನು ಸಿದ್ಧ ಮಾಡಿಕೊಳ್ಳಿ. ಸೂರ್ಯನ ವ್ಯಾಸ 13.9 ಲಕ್ಷ ಕಿ.ಮೀ., ಹಾಗಾಗಿ 14 ಸೆಂ.ಮೀ. ಚೆಂಡು. ಸಿಗದಿದ್ದರೆ ಅಷ್ಟೇ ಅಗಲದ ರಟ್ಟಿನ ಬಿಲ್ಲೆ ಕತ್ತರಿಸಿ, ಮುಖ ಗ್ರಹಗಳ ಕಡೆ ಇರುವಂತೆ ಗೂಟಕ್ಕೆ ಕಟ್ಟಿ. ಗುರುವಿಗೆ 14 ಮಿ.ಮೀ. ಗೋಲಿ. ಶನಿಗೆ 11 ಅಥವಾ 12 ಮಿ.ಮೀ. ಇರುವ ದಪ್ಪ ಕಾಬೂಲಿ ಕಡಲೆ. ಅದರ ಸುತ್ತ 2.7 ಸೆಂ.ಮೀ. ಅಗಲದ ಕಾಗದದ ಬಳೆ. ಯುರೇನಸ್, ನೆಪ್ಚೂನ್ ಎರಡಕ್ಕೂ 5 ಮಿ.ಮೀ. ಮೆಣಸಿನ ಕಾಳು. ಭೂಮಿ 1.3 ಮಿ.ಮೀ., ಶುಕ್ರ 1.2 ಮಿ.ಮೀ., ಎರಡೂ ಸಣ್ಣ ಸಾಸಿವೆ. ಸಾಸಿವೆಯಲ್ಲೂ ದಪ್ಪ, ಸಣ್ಣ ಎಂದಿರುತ್ತದೆ. ಹತ್ತು ಕಾಳನ್ನು ಸ್ಕೇಲಿನ ಅಂಚಿಗೆ ಸಾಲಾಗಿ ಇಟ್ಟರೆ 13 ಮಿ.ಮೀ. ಬಂದರೆ ಸರಿ. ಮಂಗಳಕ್ಕೆ (0.7 ಮಿ.ಮೀ.) ಸಣ್ಣ ಗಸಗಸೆ ಕಾಳು. ಬುಧ ಅರ್ಧ ಮಿ.ಮೀ. ಮಾತ್ರ, ಅದಕ್ಕೆ ಚೂಪಾದ ಪೆನ್ಸಿಲಿನ ಒಂದು ಚುಕ್ಕೆಯೇ ಗತಿ.

ಕಾಳುಗಳನ್ನು ಹಾಗೇ ನೆಲದ ಮೇಲಿಟ್ಟರೆ ಮೊದಲ ಗಾಳಿಗೇ ಭೂಮಿ ಕಾಣೆಯಾಗುತ್ತದೆ. ರಟ್ಟಿಗೆ ಅಂಟಿಸಿ: ಸಾಸಿವೆ, ಮೆಣಸು ಬಿಳಿ ರಟ್ಟಿನ ಮೇಲೆ, ಗಸಗಸೆ ಕಪ್ಪು ರಟ್ಟಿನ ಮೇಲೆ. ಗೋಂದನ್ನು ಕಡ್ಡಿಯ ತುದಿಯಿಂದ ತಾಗಿಸಿದರೆ ಸಾಕು. ಹನಿ ದೊಡ್ಡದಾದರೆ ನೋಡುವವರು ಹನಿಯನ್ನೇ ಗ್ರಹ ಎಂದುಕೊಳ್ಳುತ್ತಾರೆ.

ಇನ್ನು ದೂರ. ಬುಧ 5.8 ಮೀಟರ್, ಶುಕ್ರ 10.8, ಭೂಮಿ 15, ಮಂಗಳ 22.8, ಗುರು 78, ಶನಿ 143, ಯುರೇನಸ್ 287, ನೆಪ್ಚೂನ್ 450. ಎಲ್ಲವೂ ಸೂರ್ಯನಿಂದ ಅಳೆದ ದೂರಗಳು. ಹೆಚ್ಚಿನವರು ಎಡವುವುದು ಇಲ್ಲೇ: ಬುಧನಿಂದ ಮುಂದಕ್ಕೆ 10.8 ಮೀಟರ್ ಅಳೆದು ಶುಕ್ರನನ್ನು ನೆಡುತ್ತಾರೆ, ಅಲ್ಲಿಂದ ಮುಂದೆ ಎಲ್ಲವೂ ತಪ್ಪುತ್ತದೆ. ಮಂಗಳದವರೆಗೆ ಟೇಪ್ ಹಿಡಿಯಿರಿ. ಅದರಾಚೆಗೆ ಹೆಜ್ಜೆ ಲೆಕ್ಕ ಸಾಕು: ಮೊದಲೇ 30 ಮೀಟರ್ ಗುರುತು ಮಾಡಿ ಮೂರು ಸಲ ನಡೆದು ಸರಾಸರಿ ತೆಗೆದುಕೊಳ್ಳಿ. ನೈಲಾನ್ ಹಗ್ಗ ಬೇಡ, ಎಳೆದಂತೆ ಹಿಗ್ಗುತ್ತದೆ. ಹಾಗೆಂದು ಸೆಂಟಿಮೀಟರಿಗೆ ಜಗಳ ಆಡಬೇಕಿಲ್ಲ. ಕಕ್ಷೆಗಳು ಅಂಡಾಕಾರದವು, ಬುಧ 4.6ರಿಂದ 7 ಮೀಟರ್‌ವರೆಗೆ, ಮಂಗಳ 20.7ರಿಂದ 24.9 ಮೀಟರ್‌ವರೆಗೆ ಓಡಾಡಿಕೊಂಡಿರುತ್ತವೆ. ಎಲ್ಲವೂ ಒಂದೇ ಸಾಲಿನಲ್ಲಿ ನಿಲ್ಲುವುದು ನಮ್ಮ ಅನುಕೂಲಕ್ಕೆ ಮಾತ್ರ. ಆಕಾಶದಲ್ಲಿ ಒಂದೊಂದು ಒಂದೊಂದು ದಿಕ್ಕಿಗಿರುತ್ತದೆ.

ಭೂಮಿಯ ರಟ್ಟಿನ ಹತ್ತಿರ ಸ್ವಲ್ಪ ಹೊತ್ತು ನಿಲ್ಲಬೇಕು. ಸಾಸಿವೆಯಿಂದ 3.8 ಸೆಂ.ಮೀ. ದೂರದಲ್ಲಿ ಸೂಜಿಮೊನೆಯಷ್ಟು (0.35 ಮಿ.ಮೀ.) ಚುಕ್ಕೆ ಇಡಿ, ಅದು ಚಂದ್ರ. ಮನುಷ್ಯರು ಭೂಮಿಯಿಂದ ಅತಿ ದೂರ ಹೋಗಿರುವುದು ಈ ಚುಕ್ಕೆಯ ಆಸುಪಾಸಿಗೆ. ಚಂದ್ರನ ಇಡೀ ಕಕ್ಷೆಯ ಅಗಲ 8 ಸೆಂ.ಮೀ. ಒಳಗೇ ಮುಗಿಯುತ್ತದೆ, 14 ಸೆಂ.ಮೀ. ಸೂರ್ಯನೊಳಗೆ ಅದು ಆರಾಮಾಗಿ ಕೂರುತ್ತದೆ. ಈಗ ಸಾಸಿವೆಯ ಮಟ್ಟಕ್ಕೆ ಕಣ್ಣು ತಂದು 15 ಮೀಟರ್ ಆಚೆಯ ಚೆಂಡನ್ನು ನೋಡಿ. ಅದು ಸುಮಾರು ಅರ್ಧ ಡಿಗ್ರಿ ಅಗಲ ಕಾಣುತ್ತದೆ, ನಿಜವಾದ ಸೂರ್ಯ ಕಾಣುವಷ್ಟೇ. ಹಾಗೆ ಕಂಡರೆ ನಿಮ್ಮ ಅಳತೆ ಸರಿಯಿದೆ ಎಂದರ್ಥ. ಹೋಲಿಸಿ ನೋಡಲು ಆಕಾಶದ ಸೂರ್ಯನತ್ತ ಮಾತ್ರ ಕಣ್ಣೆತ್ತಬೇಡಿ. ಹುಣ್ಣಿಮೆಯ ಚಂದ್ರನೂ ಅಷ್ಟೇ ಅಗಲ, ರಾತ್ರಿ ಅದನ್ನು ನೋಡಿಕೊಳ್ಳಿ.

33ರಿಂದ 48 ಮೀಟರ್ ನಡುವೆ ಕ್ಷುದ್ರಗ್ರಹಗಳ ಪಟ್ಟಿ. ಇಲ್ಲಿ ಮರಳು ಚೆಲ್ಲುವ ಆಸೆ ಎಲ್ಲರಿಗೂ ಬರುತ್ತದೆ, ಚೆಲ್ಲಬೇಡಿ. ಪಟ್ಟಿಯಲ್ಲೇ ದೊಡ್ಡದಾದ ಸೆರೆಸ್ (1801ರಲ್ಲಿ ಸಿಕ್ಕಿದ್ದು) ನಮ್ಮ ಅಳತೆಯಲ್ಲಿ 0.1 ಮಿ.ಮೀ. ಕೂಡ ಇಲ್ಲ. ಅಲ್ಲಿರುವ ಅಷ್ಟೂ ಕಲ್ಲುಗಳನ್ನು ಒಟ್ಟುಗೂಡಿಸಿದರೂ ಚಂದ್ರನ ತೂಕದ ಹತ್ತನೇ ಒಂದು ಪಾಲೂ ಆಗದು. ಎರಡು ಗೂಟ ನೆಟ್ಟು ನಡುವೆ ಖಾಲಿ ಬಿಡಿ.

ಗುರುವಿನ ರಟ್ಟು ಉದ್ದ ಇರಲಿ, 40 ಸೆಂ.ಮೀ. ಬೇಕು. ಗೆಲಿಲಿಯೊ 1610ರಲ್ಲಿ ಕಂಡ ನಾಲ್ಕು ಉಪಗ್ರಹಗಳು ಗೋಲಿಯಿಂದ 4.2, 6.7, 10.7, 18.8 ಸೆಂ.ಮೀ. ದೂರದಲ್ಲಿ ಬರುತ್ತವೆ. ಮೂರನೆಯದಾದ ಗ್ಯಾನಿಮೀಡಿನ ಚುಕ್ಕೆ ಬುಧನ ಚುಕ್ಕೆಗಿಂತ ಕೊಂಚ ದಪ್ಪ ಇರಬೇಕು. ಶನಿಯ ಬಳೆಯನ್ನು 27 ಡಿಗ್ರಿ ಓರೆಯಾಗಿಸಿ. ಯುರೇನಸ್ ಅಡ್ಡ ಮಲಗಿ ಉರುಳುವ ಗ್ರಹ, ಆದರೆ ಮೆಣಸಿನ ಕಾಳಿನಲ್ಲಿ ಅದೆಲ್ಲ ತೋರಿಸಲಾಗದು.

ಪ್ಲೂಟೊವನ್ನು 2006ರಿಂದ ಕುಬ್ಜಗ್ರಹ ಎನ್ನುತ್ತಾರೆ. ಅದು 444ರಿಂದ 738 ಮೀಟರ್ ನಡುವೆ ತಿರುಗುತ್ತದೆ, ಅಂದರೆ ಕೆಲವೊಮ್ಮೆ ನೆಪ್ಚೂನಿನ ಗೂಟಕ್ಕಿಂತ ಒಳಗೆ ಬಂದುಹೋಗುತ್ತದೆ. 1979ರಿಂದ 1999ರವರೆಗೆ ಹಾಗೇ ಇತ್ತು. ಹ್ಯಾಲಿ ಧೂಮಕೇತು ಇನ್ನೂ ಚಂಚಲ: ಶುಕ್ರನಿಗಿಂತ ಒಳಗೆ, 8.8 ಮೀಟರಿಗೆ ಬಂದು ನೆಪ್ಚೂನಿನಾಚೆಗೆ ಹೋಗುತ್ತದೆ. 1986ರಲ್ಲಿ ಬಂದಿತ್ತು, ಮತ್ತೆ ಬರುವುದು 2061ಕ್ಕೆ. ಅದಕ್ಕೆ ಒಂದು ದಾರದ ಬಾಲ ಕಟ್ಟುವುದಾದರೆ ಸೂರ್ಯನಿಗೆ ಬೆನ್ನು ಹಾಕಿದ ದಿಕ್ಕಿಗೆ ಕಟ್ಟಿ, ಅದು ಚಲಿಸುವ ದಿಕ್ಕಿನ ಹಿಂದಕ್ಕಲ್ಲ.

ದಾರಿ ಚಿಕ್ಕದಿದ್ದರೆ ಅಳತೆ ಕುಗ್ಗಿಸಬೇಡಿ, ಬುಧ ಕಣ್ಣಿಗೇ ಕಾಣದಂತಾಗುತ್ತದೆ. 150 ಮೀಟರ್ ಇದ್ದರೆ ಶನಿಗೆ ನಿಲ್ಲಿಸಿ.

ಎಲ್ಲ ನೆಟ್ಟ ಮೇಲೆ ಬೆಳಕಿನ ನಡಿಗೆ ಮಾಡಿಸಬಹುದು. ಈ ಅಳತೆಯಲ್ಲಿ ಬೆಳಕಿನ ವೇಗ ಸೆಕೆಂಡಿಗೆ 3 ಸೆಂ.ಮೀ. ನೆಲದ ಮೇಲೆ 30 ಸೆಂ.ಮೀ.ಗೊಂದು ಗೆರೆ ಎಳೆದು, ಗಡಿಯಾರ ನೋಡುತ್ತಾ ಹತ್ತು ಸೆಕೆಂಡಿಗೊಂದು ಗೆರೆ ದಾಟಿ. ಭೂಮಿ ಮುಟ್ಟಲು 8 ನಿಮಿಷ 20 ಸೆಕೆಂಡ್ ಹಿಡಿಯುತ್ತದೆ. ಅಲ್ಲಿಗೇ ಬಿಟ್ಟುಬಿಡಿ, ಇದೇ ನಡಿಗೆಯಲ್ಲಿ ನೆಪ್ಚೂನ್ ಮುಟ್ಟಲು ನಾಲ್ಕು ಗಂಟೆ ದಾಟುತ್ತದೆ.