ಗುಮಾಸ್ತರು ಪಟ್ಟಿ ತೆಗೆದ ಮೇಲೆಯೇ ಕೆಲಸ ಮುಗಿದಂತೆ

ಹುಬ್ಬಳ್ಳಿಯಲ್ಲಿ ಸಣ್ಣದೊಂದು ಸಾಫ್ಟ್‌ವೇರ್ ತಂಡ ನಡೆಸುತ್ತೇನೆ. ಅಮರಗೋಳದ ಎಪಿಎಂಸಿ ವ್ಯಾಪಾರಸ್ಥರು, ಗದಗಿನ ಮುದ್ರಣಾಲಯದವರು, ಬ್ಯಾಡಗಿಯ ದಲಾಲಿ ಅಂಗಡಿಯವರು ನಮ್ಮ ಗ್ರಾಹಕರು. ಇವರಿಗೆ ಯೋಜನೆಯ ನಕ್ಷೆ, ಶೇಕಡಾವಾರು ವರದಿ ಯಾವುದೂ ಬೇಕಾಗಿಲ್ಲ; ಅಂಗಡಿ ನಡೆಯಬೇಕು. ಬ್ಯಾಡಗಿಯ ಮೆಣಸಿನಕಾಯಿ ದಲಾಲರೊಬ್ಬರ ಲೆಕ್ಕಪತ್ರವನ್ನು ಕಂಪ್ಯೂಟರಿಗೆ ತಂದಾಗ ನಾನು ಹಿಡಿದ ಪದ್ಧತಿಯೇ ಇಂದಿಗೂ ನಮ್ಮ ಎಲ್ಲ ಯೋಜನೆಗಳಿಗೆ ಬುನಾದಿ.

ತಾರೀಖನ್ನು ಆ ದಲಾಲಿ ಅಂಗಡಿಯ ಸಾಹುಕಾರರೇ ಗೊತ್ತು ಮಾಡಿದ್ದರು. “ದೀಪಾವಳಿ ಪಾಡ್ಯಕ್ಕೆ ಹೊಸ ಕಿರ್ದಿ ಪೂಜೆ ಮಾಡುತ್ತೇವೆ. ಈ ವರ್ಷ ಅದರ ಪಕ್ಕದಲ್ಲಿ ನಿಮ್ಮ ಕಂಪ್ಯೂಟರೂ ಇರಬೇಕು” ಎಂದರು. ಕಿರ್ದಿ ಎಂದರೆ ದಿನದಿನದ ಲೆಕ್ಕ ಬರೆಯುವ ಪುಸ್ತಕ. ಹಬ್ಬವನ್ನು ಮುಂದೂಡಲು ಬರುವುದಿಲ್ಲ. ಅಲ್ಲದೆ ಜನವರಿಯಿಂದ ಮಾರುಕಟ್ಟೆಗೆ ಆವಕ ಏರುತ್ತದೆ. ಅಷ್ಟರೊಳಗೆ ಗುಮಾಸ್ತರ ಕೈ ಪಳಗಿರಬೇಕು. ತಾರೀಖು ಕದಲದಿದ್ದಾಗ ಕದಲಬೇಕಾದದ್ದು ಕೆಲಸದ ವ್ಯಾಪ್ತಿ. ಹುಡುಗರನ್ನು ರಾತ್ರಿಯಿಡೀ ಕೂರಿಸಿ ಎಲ್ಲವನ್ನೂ ಮುಗಿಸುವ ದಾರಿಯನ್ನು ನಾನು ಒಪ್ಪುವುದಿಲ್ಲ. ನಿದ್ದೆಗೆಟ್ಟು ಬರೆದ ಕೋಡನ್ನು ತಿದ್ದುವುದರಲ್ಲೇ ಮುಂದಿನ ವಾರ ಕಳೆದುಹೋಗುತ್ತದೆ.

ವ್ಯಾಪ್ತಿ ಗೊತ್ತಾಗಬೇಕಾದರೆ ಅಂಗಡಿ ಗೊತ್ತಿರಬೇಕು. ಹಿಂದಿನ ಹಂಗಾಮಿನ ಕೊನೆಯಲ್ಲಿ, ಖರೀದಿದಾರರು ಮಾಲಿಗೆ ದರ ಹಾಕುವ ಟೆಂಡರ್ ದಿನದಂದು, ಕೋಡು ಬರೆಯುವವರನ್ನೇ ಕರೆದುಕೊಂಡು ಹೋಗಿ ಅಲ್ಲಿ ಕುಳಿತೆ. ನಾನೊಬ್ಬನೇ ಕೇಳಿಕೊಂಡು ಬಂದು ಕಚೇರಿಯಲ್ಲಿ ಹೇಳಿದರೆ ಅರ್ಧ ವಿಷಯ ದಾರಿಯಲ್ಲೇ ಸೋರಿಹೋಗುತ್ತದೆ. ರೈತರೊಬ್ಬರು ತಂದ ಕಾಯಿಯನ್ನು ಡಬ್ಬಿ, ಕಡ್ಡಿ ಎಂದು ತಳಿ ನೋಡಿ, ಬಣ್ಣ ನೋಡಿ ಬೇರೆ ಬೇರೆ ಲಾಟು ಮಾಡುತ್ತಾರೆ. ಒಂದೊಂದು ಲಾಟಿಗೆ ಒಂದೊಂದು ದರ ನಿಲ್ಲುತ್ತದೆ, ಖರೀದಿದಾರರೂ ಬೇರೆಯಾಗಬಹುದು. ರೈತರ ಕೈಗೆ ಹೋಗುವುದು ಮಾತ್ರ ಒಂದೇ ಪಟ್ಟಿ, ಅಂದರೆ ಅವರ ಮಾರಾಟದ ಲೆಕ್ಕದ ಚೀಟಿ. ಬಳ್ಳಾರಿ, ರಾಯಚೂರು, ಗಡಿಯಾಚೆಯ ಕರ್ನೂಲಿನಿಂದ ಬಂದವರು ಆ ಪಟ್ಟಿ ಹಿಡಿದು ಊರಿಗೆ ಹೊರಡಬೇಕು. ಅದು ತಡವಾದರೆ ಅವರ ರಾತ್ರಿ ಮಾರುಕಟ್ಟೆಯಲ್ಲೇ. ಇದನ್ನು ಕಣ್ಣಾರೆ ಕಂಡ ನಮ್ಮ ತಂಡದ ಹುಡುಗಿಯೊಬ್ಬಳು ಹುಬ್ಬಳ್ಳಿಗೆ ಮರಳುವ ರೈಲಿನಲ್ಲೇ ಡೇಟಾಬೇಸಿನ ಕೋಷ್ಟಕಗಳನ್ನು ಬರೆದುಬಿಟ್ಟಳು. ಅವುಗಳಲ್ಲಿ ಹೆಚ್ಚಿನವು ಇಂದಿಗೂ ಹಾಗೆಯೇ ಇವೆ.

ಆಮೇಲೆ ಬೇಡಿಕೆಗಳನ್ನೆಲ್ಲ ಒಂದೊಂದು ಚೀಟಿಯ ಮೇಲೆ ಬರೆದು ಸಾಹುಕಾರರ ಗಾದಿಯ ಮುಂದೆ ಹರಡಿದೆ. ಪ್ರತಿ ಚೀಟಿಗೂ ಕೇಳಿದ್ದು ಒಂದೇ ಪ್ರಶ್ನೆ: “ಸಾಹುಕಾರರೇ, ಪಾಡ್ಯದ ಮರುದಿನ ಇದಿಲ್ಲದಿದ್ದರೆ ಅಂಗಡಿ ನಿಲ್ಲುತ್ತದೆಯೇ?” ರೈತರ ಪಟ್ಟಿ, ಖರೀದಿದಾರರ ಬಿಲ್ಲು, ಹಮಾಲಿ ಲೆಕ್ಕ, ಕಿರ್ದಿ ಉಳಿದವು. ಮೊಬೈಲಿನಲ್ಲಿ ದಿನದ ವಹಿವಾಟು ನೋಡುವುದು ಹಿಂದೆ ಸರಿಯಿತು. ಕೋಲ್ಡ್ ಸ್ಟೋರೇಜ್ ಲೆಕ್ಕದ ಮೇಲೆ ಮಾತು ಬೆಳೆಯಿತು. ಮಾಲು ಅಲ್ಲಿಗೆ ಹೋಗುವುದು ಆವಕ ಹೆಚ್ಚಿದ ಮೇಲಲ್ಲವೇ ಎಂದು ಹಿರಿಯ ಗುಮಾಸ್ತರು ನೆನಪಿಸಿದಾಗ ಸಾಹುಕಾರರು ಆ ಚೀಟಿಯನ್ನು ತಾವೇ ಪಕ್ಕಕ್ಕಿಟ್ಟರು. ನಾನು ಕಡಿತ ಮಾಡಿದ್ದರೆ ಅದು ತಕರಾರಾಗುತ್ತಿತ್ತು. ಅವರೇ ಇಟ್ಟದ್ದರಿಂದ ಮುಂದೆ ಯಾರೂ ಅದರ ಮಾತೆತ್ತಲಿಲ್ಲ.

ಎಲ್ಲ ಪರದೆಗಳನ್ನೂ ಅರ್ಧರ್ಧ ಕಟ್ಟುತ್ತ ಹೋಗುವುದು ನಮ್ಮ ಕ್ರಮವಲ್ಲ. ಒಬ್ಬ ರೈತ, ಒಂದು ಲಾಟು, ಒಂದು ಪಟ್ಟಿ: ತೂಕ ಬರೆದುಕೊಳ್ಳುವಲ್ಲಿಂದ ಮುದ್ರಣದವರೆಗೆ ಇಷ್ಟನ್ನೇ ಮೊದಲು ಪೂರ್ತಿ ಮಾಡಿದೆವು. ಅದನ್ನು ಗುಮಾಸ್ತರ ಮುಂದಿಟ್ಟು ನಾವು ಕೈಕಟ್ಟಿ ಕುಳಿತೆವು. ಅವರು ನಮ್ಮನ್ನು ಏನೂ ಕೇಳದೆ ಪಟ್ಟಿ ತೆಗೆದರೆ ಆ ಚೀಟಿ ಮುಗಿಯಿತು. ಎಲ್ಲಿ ತಡೆದರೋ ಅಲ್ಲಿ ನಮ್ಮ ಕೆಲಸ ಬಾಕಿ. ಬರೆದವರು ‘ಆಯಿತು’ ಎಂದದ್ದು ಲೆಕ್ಕಕ್ಕಿಲ್ಲ. 2001ರಲ್ಲಿ ಅಮೆರಿಕದ ಯೂಟಾದಲ್ಲಿ 17 ಜನ ಸೇರಿ ಸಾಫ್ಟ್‌ವೇರ್ ಕಟ್ಟುವ ಬಗೆಯ ಬಗ್ಗೆ ರೂಪಿಸಿದ ಅಜೈಲ್ ಪ್ರಣಾಳಿಕೆಯ ತತ್ತ್ವಗಳಲ್ಲಿ ಒಂದು, ಓಡುವ ಸಾಫ್ಟ್‌ವೇರನ್ನೇ ಪ್ರಗತಿಯ ಮುಖ್ಯ ಅಳತೆಯಾಗಿ ಹಿಡಿಯುತ್ತದೆ. ಅದನ್ನು ಓಡಿಸುವ ಕೈ ನಮ್ಮದಾಗಿರಬಾರದು ಎಂಬ ಷರತ್ತನ್ನು ನಾನು ಸೇರಿಸಿಕೊಂಡಿದ್ದೇನೆ.

ಕಚೇರಿಯ ಹಲಗೆಯಲ್ಲಿ ಅದಕ್ಕಾಗಿಯೇ ‘ಗುಮಾಸ್ತರ ಕೈಯಲ್ಲಿ’ ಎಂಬ ಅಂಕಣವಿತ್ತು. ‘ನಡೆಯುತ್ತಿರುವುದು’ ಅಂಕಣದಲ್ಲಿ ತಲೆಗೊಂದಕ್ಕಿಂತ ಹೆಚ್ಚು ಚೀಟಿ ಇರುವಂತಿಲ್ಲ; ಟೊಯೋಟಾ ಕಾರ್ಖಾನೆಯ ಕಾನ್‌ಬಾನ್ ಪದ್ಧತಿಯಿಂದ ನಮ್ಮ ಕ್ಷೇತ್ರಕ್ಕೆ ಬಂದ ಮಿತಿ ಇದು. ಎರಡು ದಿನ ಮೀರುತ್ತದೆ ಎನಿಸಿದ ಚೀಟಿಯನ್ನು ಒಡೆಯುತ್ತೇವೆ. ಎಷ್ಟು ಸಮಯ ಬೇಕೆಂದು ಹೇಳುವವರು ಆ ಕೆಲಸ ಮಾಡುವವರೇ, ನಾನಲ್ಲ.

ಅಂದಾಜಿಗೆ ಸಿಗದ ಕೆಲಸವನ್ನು ಕೊನೆಗೆ ಇಟ್ಟುಕೊಳ್ಳಬಾರದು. ಇಲ್ಲಿ ಅಂಥದ್ದು ರೈತರ ಹೆಸರುಗಳ ಹಳೆಯ ಯಾದಿ. ಎಲ್ಲ ಭಾಷೆಗಳ ಅಕ್ಷರಗಳಿಗೂ ಅವುಗಳದೇ ಸಂಕೇತ ಕೊಡುವ ಯೂನಿಕೋಡ್ ಬಳಕೆಗೆ ಬರುವ ಮುಂಚಿನ ‘ನುಡಿ’ ತಂತ್ರಾಂಶದ ಅಕ್ಷರಗಳಲ್ಲಿ ಅದು ಇತ್ತು. ಇಂಗ್ಲಿಷ್ ಸಂಕೇತಗಳ ಜಾಗದಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿದ ಆ ವ್ಯವಸ್ಥೆಯಲ್ಲಿ ಹೆಸರು ಹುಡುಕುವುದೂ ಅಕಾರಾದಿಯಾಗಿ ಜೋಡಿಸುವುದೂ ಕಷ್ಟ. ಯೂನಿಕೋಡಿಗೆ ತರುವಾಗ ಅರ್ಕಾವೊತ್ತು ಕಾಡುತ್ತದೆ: ಅಲ್ಲಿ ಅದು ವ್ಯಂಜನದ ನಂತರ ಬರುತ್ತದೆ, ಯೂನಿಕೋಡಿನಲ್ಲಿ ಮೊದಲು. ಕರ್ಜಗಿ, ಕುರ್ತಕೋಟಿಯಂಥ ಊರುಗಳನ್ನೇ ಪರೀಕ್ಷೆಗೆ ಇಟ್ಟುಕೊಂಡು ಮೊದಲ ವಾರಗಳಲ್ಲೇ ಇದನ್ನು ಬಗೆಹರಿಸಿದೆವು.

ನಡುವೆ ಸಾಹುಕಾರರಿಗೆ ಆತಂಕವಾಯಿತು. “ಇನ್ನು ಮೂವರನ್ನು ಹಾಕಿಕೊಳ್ಳಿ, ಹಣ ನಾನು ಕೊಡುತ್ತೇನೆ” ಎಂದರು. ತಡವಾದ ಯೋಜನೆಗೆ ಜನ ಸೇರಿಸಿದರೆ ಇನ್ನೂ ತಡವಾಗುತ್ತದೆ ಎಂಬುದು ಐಬಿಎಂ ಕಂಪ್ಯೂಟರುಗಳ ಕಾರ್ಯಾಚರಣ ವ್ಯವಸ್ಥೆಯಾದ ಓಎಸ್/360 ಯೋಜನೆಯನ್ನು ನಡೆಸಿದ ಫ್ರೆಡ್ ಬ್ರೂಕ್ಸ್ 1975ರಲ್ಲಿ ದಾಖಲಿಸಿದ ಅನುಭವ. ನಮ್ಮ ಐದು ಜನರ ನಡುವೆ ಮಾತುಕತೆಯ ಜೋಡಿಗಳು 10. ಎಂಟು ಜನರಾದರೆ 28. ಹೊಸಬರಿಗೆ ಲಾಟು, ಪಟ್ಟಿ ಎಲ್ಲವನ್ನೂ ಕಲಿಸಬೇಕಾದವರು ಆ ಹಳೆಯ ಐವರೇ. ಸಾಹುಕಾರರಿಗೆ ಹೀಗೇ ಬಿಡಿಸಿ ಹೇಳಿದೆ, ಹಣದ ಬದಲು ಹಿರಿಯ ಗುಮಾಸ್ತರನ್ನು ವಾರಕ್ಕೊಂದು ಮಧ್ಯಾಹ್ನ ನಮಗೆ ಬಿಟ್ಟುಕೊಡಿ ಎಂದು ಕೇಳಿದೆ. ಕೊಟ್ಟರು. ನಮಗೆ ಅದಕ್ಕಿಂತ ದೊಡ್ಡ ನೆರವು ಬೇರೆ ಯಾವುದೂ ಸಿಗಲಿಲ್ಲ.

ಪಾಡ್ಯದಿಂದ ಕೈಬರಹದ ಕಿರ್ದಿ, ಕಂಪ್ಯೂಟರ್ ಎರಡೂ ಒಟ್ಟಿಗೆ ನಡೆದವು. ಪ್ರತಿ ಸಂಜೆ ಎರಡರ ಶಿಲ್ಕು, ಅಂದರೆ ಕೈಯಲ್ಲಿ ಉಳಿದ ಹಣ, ತಾಳೆಯಾಗಬೇಕು. ಟೆಂಡರ್ ದಿನ ಯಾವ ಬದಲಾವಣೆಯನ್ನೂ ಹಾಕಕೂಡದು ಎಂದು ಕಟ್ಟುನಿಟ್ಟು ಮಾಡಿದ್ದೆ.

ನಮ್ಮ ಕಡೆ ಯೋಜನೆ ನಡೆಸುವವರು ಮರೆಯಬಾರದ ಇನ್ನೊಂದು ಸಂಗತಿ ಬೆಂಗಳೂರು. ಕೆಲಸ ಕಲಿತವರು ಅಲ್ಲಿಗೆ ಹೋಗುತ್ತಾರೆ, ಹೋಗಲಿ; ಅವರ ಏಳಿಗೆಗೆ ನಾವು ಅಡ್ಡ ಬರಬಾರದು. ಅದಕ್ಕೆಂದೇ ಪ್ರತಿ ಚೀಟಿಯ ಮೇಲೆ ಎರಡು ಹೆಸರು: ಒಬ್ಬರು ಬರೆಯುವವರು, ಇನ್ನೊಬ್ಬರು ಓದಿ ಒಪ್ಪುವವರು. ಯಾವ ನಿರ್ಧಾರವನ್ನು ಏಕೆ ತೆಗೆದುಕೊಂಡೆವು ಎಂಬುದನ್ನು ಕನ್ನಡದಲ್ಲೇ ಬರೆದು, ಕೋಡಿನ ಪ್ರತಿ ಬದಲಾವಣೆಯನ್ನೂ ದಾಖಲಿಸಿಡುವ ಗಿಟ್‌ನಲ್ಲಿ ಕೋಡಿನ ಜೊತೆಗೆ ಇಡುತ್ತೇವೆ. ಪಾಡ್ಯ ಮುಗಿದ ಮೇಲೆ ನಮ್ಮ ಹುಡುಗನೊಬ್ಬ ಬೆಂಗಳೂರಿಗೆ ಹೊರಟ. ಕೋಲ್ಡ್ ಸ್ಟೋರೇಜ್ ಚೀಟಿಯ ಮೇಲೆ ಎರಡನೆಯ ಹೆಸರಿದ್ದವಳು ಅದನ್ನು ಮುಂದುವರಿಸಿ, ಆವಕ ಏರುವ ಮುನ್ನ ಗುಮಾಸ್ತರಿಗೆ ಒಪ್ಪಿಸಿದಳು.