ಜಿಂಕೆ ಮಾಂಸ: ಮನೆಯಲ್ಲೇ ಬಿಡಿಸಿ ಹಸನು ಮಾಡುವುದು

ಪರವಾನಗಿ ಪಡೆದು ಬೇಟೆಯಾಡಿದ ಜಿಂಕೆಯ ಮಾತು ಇದು. ಮಾಂಸದ ದೊಡ್ಡ ಶತ್ರು ಬಿಸಿ. ಮೊದಲ ಸಲ ನಾನು ಕರುಳು ತೆಗೆದು, ಚರ್ಮ ಸುಲಿಯದೆ ರಾತ್ರಿಯಿಡೀ ಬಿಟ್ಟಿದ್ದೆ. ಸೆಖೆಯ ರಾತ್ರಿ, ಬೆಳಿಗ್ಗೆ ತೊಡೆಮೂಳೆಯ ಸುತ್ತ ಹುಳಿ ವಾಸನೆ. ಆ ತೊಡೆ ಪೂರ್ತಿ ಎಸೆಯಬೇಕಾಯಿತು, ಇಂದಿಗೂ ಸಂಕಟವಾಗುತ್ತದೆ. ಈಗ ತಕ್ಷಣ ಸುಲಿದು, 4 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ತಣಿಸುತ್ತೇನೆ.

ಸುಲಿಯುವಾಗ ಚಾಕುವಿಗಿಂತ ಮುಷ್ಟಿಯೇ ಮೇಲು. ಚರ್ಮ ಎಳೆಯುತ್ತಾ ಮುಷ್ಟಿಯಿಂದ ಒತ್ತಿದರೆ ತಾನಾಗಿ ಬಿಡುತ್ತದೆ, ಕೂದಲೂ ಮಾಂಸಕ್ಕೆ ಅಂಟುವುದಿಲ್ಲ.

ಮುಂಗಾಲು ಬಿಡಿಸಲು ಗರಗಸ ಬೇಡ. ಅದನ್ನು ದೇಹಕ್ಕೆ ಹಿಡಿದಿರುವುದು ಬರೀ ಸ್ನಾಯು, ಅಲ್ಲಿ ಮೂಳೆಯ ಕೀಲೇ ಇಲ್ಲ. ಕಾಲನ್ನು ಹೊರಕ್ಕೆಳೆದು ಪಕ್ಕೆಲುಬಿನ ಗುಂಟ ಚಾಕು ಆಡಿಸಿದರೆ ಸಾಕು. ಹಿಂದೊಡೆಗೆ ಮಾತ್ರ ಸೊಂಟದ ಕೀಲು ಹುಡುಕಬೇಕು.

ಬೆನ್ನುಮೂಳೆಯ ಎರಡೂ ಬದಿಯ ಉದ್ದನೆಯ ಮಾಂಸ ತುಂಬಾ ಮೃದು. ಇಲ್ಲಿ ಆತುರ ಬೇಡ. ಅದರ ಮೇಲೆ ಬೆಳ್ಳಿಯಂತೆ ಹೊಳೆಯುವ ಪೊರೆಯಿರುತ್ತದೆ, ಬೇಯಿಸಿದರೂ ಅಗಿಯಲಾಗದು. ಚಾಕುವಿನ ತುದಿ ಅದರಡಿ ತೂರಿಸಿ, ಅಲಗನ್ನು ತುಸು ಮೇಲ್ಮುಖವಾಗಿಟ್ಟು ಪೊರೆಯನ್ನು ಬಿಗಿಯಾಗಿ ಎಳೆಯಿರಿ. ಪಟ್ಟಿಯಂತೆ ಸುರುಳಿ ಸುತ್ತುತ್ತಾ ಬರುತ್ತದೆ, ಕೆಳಗೆ ಕಡುಗೆಂಪು ಮಾಂಸ ನುಣುಪಾಗಿ ಕಾಣುತ್ತದೆ.

ಕೊಬ್ಬನ್ನೂ ತೆಗೆಯಿರಿ. ಜಿಂಕೆಯ ಕೊಬ್ಬು ಬಾಯಲ್ಲಿ ಮೇಣದಂತೆ ಅಂಟುತ್ತದೆ, ಫ್ರೀಜರ್‌ನಲ್ಲೂ ಕಮಟುತ್ತದೆ. ಚೂರುಪಾರು ಮಾಂಸವೆಲ್ಲ ಖೈಮಾಗೆ. ಗಾಳಿ ಉಳಿಯದಂತೆ ಬಿಗಿಯಾಗಿ ಸುತ್ತಿ, ದಿನಾಂಕ ಬರೆದು, ಮೈನಸ್ 18ರಲ್ಲಿಡಿ.