ಕನೆಕ್ಷನ್ ಎಷ್ಟೇ ತೆರೆದರೂ ಪಾಲು ಒಂದೇ: ರೌಟರಿನಲ್ಲಿ ಕೇಕ್ ಹೊಂದಿಸುವ ಬಗೆ

ಹಲವರು ಹಂಚಿಕೊಂಡ ಇಂಟರ್ನೆಟ್ ಲಿಂಕ್‌ನಲ್ಲಿ ಟಿಸಿಪಿ (ಡೇಟಾ ಸಾಗಿಸುವ ನಿಯಮಾವಳಿ) ಪಾಲು ಹಂಚುವುದು ಕನೆಕ್ಷನ್ ಲೆಕ್ಕದಲ್ಲಿ. 100 ಮೆಗಾಬಿಟ್ ಲಿಂಕ್‌ನಲ್ಲಿ ಒಬ್ಬರು 19 ಕನೆಕ್ಷನ್ ತೆರೆದರೆ, ಒಂದೇ ಕನೆಕ್ಷನ್ ಇರುವವರಿಗೆ ಉಳಿಯುವುದು ಹೆಚ್ಚುಕಡಿಮೆ 5 ಮೆಗಾಬಿಟ್. ನೋಟಿಸು ಅಂಟಿಸಿ ಬುದ್ಧಿ ಹೇಳಿದರೆ ಯಾರೂ ಕೇಳುವುದಿಲ್ಲ. ಹೆಚ್ಚು ತೆರೆದು ಲಾಭವೇ ಇಲ್ಲದಂತೆ ಕ್ಯೂ (ಪ್ಯಾಕೆಟ್‌ಗಳು, ಅಂದರೆ ಡೇಟಾದ ತುಣುಕುಗಳು ಕಾಯುವ ಸಾಲು) ಇಡಬೇಕು.

ಅದಕ್ಕೆ ನಾನು ಬಳಸುವುದು ಲಿನಕ್ಸ್‌ನ ಕೇಕ್ ಎಂಬ ಕ್ಯೂ ನಿರ್ವಾಹಕ, 4.19ನೇ ಆವೃತ್ತಿಯಿಂದ ಕರ್ನಲ್‌ನಲ್ಲೇ (ಲಿನಕ್ಸ್‌ನ ತಿರುಳಿನಲ್ಲೇ) ಇದೆ. ಕ್ಯೂ ಮೋಡೆಮ್‌ನಲ್ಲೋ ಸೇವಾದಾರರ ಕಡೆಯೋ ತುಂಬಿದರೆ ಕೇಕ್ ಏನೂ ಮಾಡಲಾರದು, ಅದು ನಮ್ಮ ರೌಟರಿನಲ್ಲೇ ತುಂಬಬೇಕು. ಹಾಗಾಗಿ ಕೇಕ್‌ಗೆ ಮಿತಿಯಾಗಿ ಅಳೆದ ಅಪ್‌ಲೋಡ್ ವೇಗದ 95%, ಡೌನ್‌ಲೋಡ್ ವೇಗದ 85–90% ಕೊಡುತ್ತೇನೆ. ಡೌನ್‌ಲೋಡ್‌ನಲ್ಲಿ ಪ್ಯಾಕೆಟ್ ಆಗಲೇ ಲಿಂಕ್ ದಾಟಿ ಬಂದಿರುತ್ತದೆ; ಐಎಫ್‌ಬಿ ಎಂಬ ಹುಸಿ ಇಂಟರ್‌ಫೇಸಿಗೆ ತಿರುಗಿಸಿ ಅಲ್ಲಿ ಬೀಳಿಸಿದರೂ (ಮುಂದೆ ಕಳಿಸದೆ ಎಸೆದರೂ), ಕಳುಹಿಸುವ ಕಡೆಗೆ ಅದು ತಿಳಿದು ವೇಗ ಇಳಿಯಲು ಒಂದು ಆರ್‌ಟಿಟಿಯಾದರೂ (ಪ್ಯಾಕೆಟ್ ಹೋಗಿ ಉತ್ತರ ಬರುವ ಸಮಯ) ಹಿಡಿಯುತ್ತದೆ. ಆ ಅವಧಿಗಾಗಿ ಈ ಹೆಚ್ಚಿನ ಬಿಡುವು. ಇಲ್ಲಿ ‘ಇನ್‌ಗ್ರೆಸ್’ ಆಯ್ಕೆಯೂ ಬೇಕು. ಬೀಳಿಸಿದ ಪ್ಯಾಕೆಟ್ಟೂ ಆಗ ಲೆಕ್ಕಕ್ಕೆ ಬರುತ್ತದೆ.

ಅಪ್‌ಲೋಡ್‌ಗೆ ‘ಡ್ಯುಯಲ್-ಎಸ್‌ಆರ್‌ಸಿಹೋಸ್ಟ್’, ಡೌನ್‌ಲೋಡ್‌ಗೆ ‘ಡ್ಯುಯಲ್-ಡಿಎಸ್‌ಟಿಹೋಸ್ಟ್’ ಹಾಕಿದರೆ ಪಾಲು ಮೊದಲು ಯಂತ್ರಗಳ ನಡುವೆ, ಆಮೇಲೆ ಆಯಾ ಯಂತ್ರದ ಕನೆಕ್ಷನ್‌ಗಳ ನಡುವೆ ಹಂಚಿಕೆಯಾಗುತ್ತದೆ. ಎರಡಕ್ಕೂ ‘ನ್ಯಾಟ್’ (ರೌಟರ್ ವಿಳಾಸ ಬದಲಿಸಿದ್ದರೂ ಒಳಗಿನ ಯಂತ್ರದ ವಿಳಾಸವನ್ನೇ ನೋಡುವ ಆಯ್ಕೆ) ಸೇರಿಸಲೇಬೇಕು. ಇಲ್ಲವಾದರೆ ಒಳಗಿನವರೆಲ್ಲ ಒಂದೇ ವಿಳಾಸವಾಗಿ ಕಂಡು ಮತ್ತೆ ಕನೆಕ್ಷನ್ ಲೆಕ್ಕಕ್ಕೇ ಬಂದು ನಿಲ್ಲುತ್ತದೆ. ಐಪಿವಿ6ನಲ್ಲಿ ಒಂದೇ ಯಂತ್ರಕ್ಕೆ ಹಲವು ವಿಳಾಸಗಳಿರಬಹುದು. ಅಷ್ಟರ ಮಟ್ಟಿಗೆ ಅದಕ್ಕೆ ಹೆಚ್ಚು ಪಾಲು ಸಿಕ್ಕೀತು. ಇದಕ್ಕೆ ಕೇಕ್‌ನಲ್ಲಿ ಸುಲಭದ ಮದ್ದಿಲ್ಲ.

ಪರೀಕ್ಷೆಗೆ ಎರಡು ಯಂತ್ರ ಸಾಕು. ಒಂದರಲ್ಲಿ ವೇಗ ಅಳೆಯುವ ಐಪರ್ಫ್3ರ 16 ಸ್ಟ್ರೀಮ್ (ಕನೆಕ್ಷನ್), ಇನ್ನೊಂದರಲ್ಲಿ ಒಂದೇ, ಜೊತೆಗೆ ವಿಳಂಬ ಅಳೆಯಲು ಪಿಂಗ್. ಐಪರ್ಫ್3 ಸರ್ವರ್ ಒಮ್ಮೆಗೆ ಒಂದೇ ಪರೀಕ್ಷೆ ನಡೆಸುತ್ತದೆ, ಆದ್ದರಿಂದ ಎರಡು ಪೋರ್ಟ್‌ಗಳಲ್ಲಿ ಎರಡು ಸರ್ವರ್ ಓಡಿಸಿ. ಇಬ್ಬರಿಗೂ ಸುಮಾರು ಅರ್ಧರ್ಧ ಸಿಗಬೇಕು. ಪಿಂಗ್ ಚೆನ್ನಾಗಿದ್ದೂ ಪಾಲು ಏರುಪೇರಾದರೆ ‘ನ್ಯಾಟ್’ ಬಿಟ್ಟುಹೋಗಿರಬಹುದು. ಪಿಂಗ್ ನೂರಾರು ಮಿಲಿಸೆಕೆಂಡಿಗೆ ಜಿಗಿದರೆ ಕೊಟ್ಟ ಬ್ಯಾಂಡ್‌ವಿಡ್ತ್ ಜಾಸ್ತಿಯಾಗಿದೆ, ಇಳಿಸಿ. ಟಿಸಿ (ಕ್ಯೂ ಹೊಂದಿಸುವ ಲಿನಕ್ಸ್ ಆದೇಶ) ಅಂಕಿಅಂಶದಲ್ಲಿ ಪ್ಯಾಕೆಟ್ ಎಣಿಕೆಯೇ ಏರದಿದ್ದರೆ, ಕ್ಯೂ ತಪ್ಪಿಸಿ ಪ್ಯಾಕೆಟ್ ದಾಟಿಸುವ ಫ್ಲೋ ಆಫ್‌ಲೋಡ್ ಚಾಲೂ ಇದೆ, ಕೇಕ್ ಬದಿಗೇ ಉಳಿದಿದೆ, ಆಫ್‌ಲೋಡ್ ನಿಲ್ಲಿಸಿ. ನಿಲ್ಲಿಸಿದ ಮೇಲೆ ಸಿಪಿಯು ಹೊರೆ ನೋಡಿಕೊಳ್ಳಿ: ಅಗ್ಗದ ರೌಟರುಗಳ ಒಂದು ಕೋರ್ ಪೂರ್ತಿ ತುಂಬಿ ವೇಗವೇ ಬಿದ್ದುಹೋಗುತ್ತದೆ.

ನಮ್ಮ ಕೈಯಲ್ಲಿರುವ ಲಿನಕ್ಸ್ ಯಂತ್ರಗಳಲ್ಲಿ ಟಿಸಿಪಿಯ ಇಸಿಎನ್ (ದಟ್ಟಣೆಯನ್ನು ಗುರುತು ಹಾಕಿ ತಿಳಿಸುವ ವ್ಯವಸ್ಥೆ) ಮೌಲ್ಯವನ್ನು 2ರಿಂದ 1ಕ್ಕೆ ಬದಲಿಸುತ್ತೇನೆ. 2 ಇದ್ದರೆ ಎದುರಿನವರು ಕೇಳಿದಾಗಷ್ಟೇ ಇಸಿಎನ್, 1 ಇದ್ದರೆ ತಾನೇ ಕೇಳುತ್ತದೆ. ಎದುರಿನ ತುದಿಯೂ ಒಪ್ಪಿದರೆ ಕೇಕ್ ಪ್ಯಾಕೆಟ್ ಬೀಳಿಸುವ ಬದಲು ಗುರುತು ಹಾಕಿ ಕಳಿಸುತ್ತದೆ, ಮರುಕಳಿಕೆಯ ಖರ್ಚು ಉಳಿಯುತ್ತದೆ.